ಹಿತ್ತಲ ಗಿಡವೂ ಕಣಜದ ಹುಳುವೂ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೈಗೆಟುಕುವುದಕ್ಕೆ ಬೆಲೆಯಿಲ್ಲವೆಂಬುದು ಅದರ ಇಂಗಿತ. ಈ ಗಾದೆ ಹುಟ್ಟಿದ ಕಾಲದಲ್ಲಿ ಮನೆಗೊಂದು ಹಿತ್ತಿಲಾದರೂ ಇದ್ದಿತು. ಇಂದಿನ ನಗರದ ಗೃಹಸ್ಥನಿಗೆ ಮದ್ದಿನ ಮಾತು ಹಾಗಿರಲಿ, ಹಿತ್ತಿಲೇ ಇಲ್ಲ. ಆದರೂ ಅಡುಗೆಮನೆಯಲ್ಲಿ ಅಕ್ಕಿಯ ಡಬ್ಬಿಯಿದೆ, ಬೇಳೆಯ ಡಬ್ಬಿಯಿದೆ, ಅವುಗಳೊಳಕ್ಕೆ ಕರೆಯದೆ ಬರುವ ಅತಿಥಿಗಳೂ ಇದ್ದಾರೆ. ಆಷಾಢ ಶ್ರಾವಣಗಳ ಜಿಟಿಜಿಟಿ ಮಳೆಯಲ್ಲಿ ಡಬ್ಬಿಯ ಮುಚ್ಚಳ ತೆರೆದ ಗೃಹಿಣಿ "ಅಯ್ಯೋ, ನುಸಿ ಹಿಡಿದಿದೆಯಲ್ಲ!" ಎಂದು ಉದ್ಗರಿಸದ ಮನೆ ನಮ್ಮಲ್ಲಿ ವಿರಳವೆಂದೇ ಹೇಳಬೇಕು. ಆ ಅತಿಥಿಗಳನ್ನೂ ಅವರನ್ನು ದೂರವಿಡಬಲ್ಲ ಎಲೆ, ಬೇರು, ಬೀಜಗಳನ್ನೂ ಕುರಿತು ಈ ವಾರ ನಾಲ್ಕು ಮಾತು.

ನಾನು ವಾಸವಾಗಿರುವ ಬೇಗೂರಿನಲ್ಲಿ ಈ ವಿಷಯವನ್ನೆತ್ತುವುದಕ್ಕೆ ಒಂದು ಔಚಿತ್ಯವಿದೆ. ಮುದುಕಿಯೊಬ್ಬಳು ವೀರಬಲ್ಲಾಳನಿಗೆ ಬೆಂದ ಕಾಳನ್ನು ಉಣಬಡಿಸಿದಳೆಂದೂ ಅದರಿಂದಲೇ 'ಬೆಂದಕಾಳೂರು' ಎಂಬ ಹೆಸರು ಬಂದಿತೆಂದೂ ಹೇಳುವ ಕಥೆ ಎಲ್ಲರಿಗೂ ತಿಳಿದದ್ದೇ. ಆ ಕಥೆಯನ್ನು ಸುಳ್ಳುಮಾಡಿದ ಕಲ್ಲು ಇರುವುದು ನಮ್ಮೂರಿನ ನಾಗೇಶ್ವರ ದೇವಾಲಯದಲ್ಲಿ. ಸುಮಾರು ಕ್ರಿ.ಶ. ೮೯೦ರ ಆ ವೀರಗಲ್ಲಿನಲ್ಲಿ 'ಬೆಂಗಳೂರು ಕಾಳಗ'ದ ಉಲ್ಲೇಖವಿದೆ. ಎಂದರೆ, ಬಲ್ಲಾಳರಾಯನು ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಹಿಂದೆಯೇ ಬೆಂಗಳೂರೆಂಬ ಹೆಸರಿದ್ದಿತು. ಇಷ್ಟಾದರೂ ಜನ ಕಾಳಿನ ಕಥೆಯನ್ನು ಕೈಬಿಟ್ಟಿಲ್ಲ. ಬಿಡುವುದಾದರೂ ಹೇಗೆ? ರಾಗಿಯ ಹೊಲದಲ್ಲಿ ಅವರೆಯ ಸಾಲು ಎಳೆದು ಬಾಳಿದ ನೆಲವಿದು. ಇಂದು ಆ ಹೊಲಗಳ ಮೇಲೆ ಬಹುಮಹಡಿಯ ವಸತಿಗಳೆದ್ದಿವೆ. ಕಾಳು ಬೆಳೆಯುವ ಊರು ಕಾಳು ಕೊಳ್ಳುವ ಊರಾಗಿದೆ. ಬೆಳೆಯುವುದನ್ನು ಬಿಟ್ಟೊಡನೆ ಕಾಯುವ ವಿದ್ಯೆಯೂ ಮರೆತುಹೋಗುವುದು ಸಹಜ.

ಮೊದಲು ಶತ್ರುವಿನ ಪರಿಚಯ. ಅಕ್ಕಿ ಗೋಧಿಗಳಲ್ಲಿ ಹರಿದಾಡುವ, ಸೊಂಡಿಲಿನಂಥ ಮೂತಿಯುಳ್ಳ ಕಂದು ಕಪ್ಪು ಹುಳು ಒಂದು. ಹೆಸರು, ಅಲಸಂದೆ, ಕಡಲೆ, ತೊಗರಿಗಳನ್ನು ಕುಟ್ಟೆ ಹಿಡಿಸುವ ದುಂಬಿ ಇನ್ನೊಂದು. ಹಿಟ್ಟು, ರವೆಗಳಲ್ಲಿ ಕಾಣುವ ಕೆಂಪು ದುಂಬಿ ಮತ್ತೊಂದು. ರವೆಯಲ್ಲಿಯೂ ಅಕ್ಕಿಯಲ್ಲಿಯೂ ನೂಲಿನಂತೆ ಬಲೆ ಕಟ್ಟುವುದು ಒಂದು ಬಗೆಯ ಪತಂಗದ ಮರಿ. ಇವುಗಳಲ್ಲಿ ಮೊದಲಿನ ಎರಡರ ಜಾಣತನವನ್ನು ನೋಡತಕ್ಕದ್ದು. ಮೂತಿಹುಳುವಿನ ಹೆಣ್ಣು ಅಕ್ಕಿಕಾಳನ್ನು ಕೊರೆದು, ಅದರೊಳಗೆ ಒಂದು ಮೊಟ್ಟೆಯಿಟ್ಟು, ಅಂಟಿನಿಂದ ರಂಧ್ರವನ್ನು ಮುಚ್ಚಿಬಿಡುತ್ತದೆ. ತನ್ನ ಆಯುಷ್ಯದಲ್ಲಿ ಹೀಗೆ ಮುನ್ನೂರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡಬಲ್ಲುದು. ಮರಿ ಕಾಳಿನೊಳಗೇ ಉಂಡು, ಅಲ್ಲಿಯೇ ಕೋಶಕಟ್ಟಿ, ಸುಮಾರು ಒಂದು ತಿಂಗಳ ಮೇಲೆ ಪ್ರೌಢನಾಗಿ ಹೊರಬೀಳುತ್ತದೆ. ಕಾಳಿನ ದುಂಬಿಯಾದರೋ ಮೊಟ್ಟೆಯನ್ನು ಕಾಳಿನ ಸಿಪ್ಪೆಯ ಮೇಲೆಯೇ ಅಂಟಿಸುತ್ತದೆ. ಒಡೆದ ಮರಿ ನೇರವಾಗಿ ಒಳಕ್ಕೆ ಕೊರೆಯುತ್ತದೆ. ಹೊರಬಂದ ದುಂಬಿ ಏನನ್ನೂ ತಿನ್ನದೆ, ಒಂದೆರಡು ವಾರ ಬದುಕಿ, ಮತ್ತೆ ಮೊಟ್ಟೆಯಿಟ್ಟು ಸಾಯುತ್ತದೆ. ಈ ದುಂಬಿ ಅನೇಕವೇಳೆ ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಟ್ಟು, ಕಾಳಿನೊಡನೆ ಗಾಡಿಯೇರಿ ಮನೆಗೆ ಬರುತ್ತದೆ. ನಾವು ಡಬ್ಬಿಯಲ್ಲಿ ಕಾಣುವ ಹುಳು ಹಳೆಯ ನಿವಾಸಿ, ಕಾಣದ ಮರಿಗಳು ಅದಕ್ಕಿಂತ ಹೆಚ್ಚು. 'ಹುಳು ತಾನಾಗಿ ಹುಟ್ಟಿತು' ಎಂದು ಹಿಂದಿನವರು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದನ್ನರಿತರೆ ಗಿಡಮೂಲಿಕೆಗಳ ಕೆಲಸವೂ ಅರ್ಥವಾಗುತ್ತದೆ. ನಮ್ಮ ಬೀದಿಯಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಹಿರಿಯ ಗೌಡರೊಬ್ಬರಿದ್ದಾರೆ. ಅಕ್ಕಿಯ ಮೂಟೆಗೆ ಬೇವಿನ ಸೊಪ್ಪು ಹಾಕಿಯೂ ಹುಳು ಸಾಯಲಿಲ್ಲವೆಂದು ನಾನು ಅವರೊಡನೆ ಹೇಳಿದಾಗ ಅವರು ನಕ್ಕು, "ಮೇಷ್ಟ್ರೇ, ಸೊಪ್ಪು ಹುಳಾನ ಸಾಯ್ಸಾಕಿಲ್ಲ, ಬರೋದನ್ನ ತಡೀತದೆ ಅಷ್ಟೆ. ಒಳಗೆ ಕುಂತಿರೋದು ಒಳಗೇ ಇರ್ತದೆ. ಅದಕ್ಕೇ ಮೊದ್ಲು ಬಿಸ್ಲು, ಆಮೇಲೆ ಸೊಪ್ಪು" ಎಂದರು. ನಾನು ಅನಂತರ ಓದಿದ ವೈಜ್ಞಾನಿಕ ಲೇಖನಗಳು ಈ ಮಾತನ್ನು ಉದ್ದವಾಗಿ ಹೇಳಿದವೇ ಹೊರತು ಬೇರೆ ಮಾತನ್ನು ಹೇಳಲಿಲ್ಲ. ಗಿಡಗಳಲ್ಲಿ ಕೆಲವು ಹುಳುವನ್ನು ಅಟ್ಟುತ್ತವೆ, ಕೆಲವು ಅದರ ಸಂತಾನವನ್ನು ತಡೆಯುತ್ತವೆ, ಕೊಲ್ಲುವಂಥವು ಕೆಲವೇ. ಯಾವುದು ಯಾವ ಕೆಲಸಕ್ಕೆಂಬುದನ್ನು ಅರಿಯದೆ ಉಪಯೋಗಿಸಿದವನು ಮೊದಲು ನಿರಾಶನಾಗುತ್ತಾನೆ, ಆಮೇಲೆ ವಿಷದ ಅಂಗಡಿಗೆ ಹೋಗುತ್ತಾನೆ.

ಕಾಳಿನ ಬಾಳಿಕೆಯ ವಿಚಾರದಲ್ಲಿ ಕನ್ನಡಿಗರಿಗೆ ಹಳೆಯ ಆಸಕ್ತಿ. ಕನಕದಾಸರ 'ರಾಮಧಾನ್ಯಚರಿತೆ'ಯ ಕಥೆಯನ್ನು ನೆನೆಯಿರಿ. ಭತ್ತಕ್ಕೂ ನರೆದಲೆಗನಿಗೂ, ಎಂದರೆ ರಾಗಿಗೂ, ತಮ್ಮಲ್ಲಿ ಯಾರು ಶ್ರೇಷ್ಠರೆಂಬ ಜಗಳ ಹತ್ತುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ಮುಗಿದು ತೆಗೆದು ನೋಡಿದಾಗ ಭತ್ತ ಸೊರಗಿರುತ್ತದೆ, ರಾಗಿ ಸೊರಗಿರುವುದಿಲ್ಲ. ಉಳ್ಳವರಿಗೂ ಇಲ್ಲದವರಿಗೂ ನಡೆದ ವಾದವೆಂದು ನಾವು ತರಗತಿಯಲ್ಲಿ ಈ ಕಾವ್ಯವನ್ನು ವಿವರಿಸುತ್ತೇವೆ, ಅದು ನ್ಯಾಯವೇ. ಆದರೆ ತೀರ್ಪಿಗೆ ಆಧಾರವಾದದ್ದು ದಾಸ್ತಾನಿನ ಪರೀಕ್ಷೆಯೆಂಬುದನ್ನೂ ಗಮನಿಸಬೇಕು. ರಾಗಿಯ ಕಾಳು ಬಹು ಸಣ್ಣದು, ಮೂತಿಹುಳುವಿನ ಮರಿ ಒಳಗೆ ಕುಳಿತು ಬೆಳೆಯುವಷ್ಟು ಎಡೆ ಅದರಲ್ಲಿಲ್ಲ. ಆದಕಾರಣ ಒಣಗಿದ ರಾಗಿ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ. ನೆಲದಲ್ಲಿ ತೋಡಿದ ಹಗೇವಿನಲ್ಲಿ ರಾಗಿಯನ್ನು ತುಂಬಿ ಬಾಯನ್ನು ಮಣ್ಣಿನಿಂದ ಮುಚ್ಚಿಬಿಡುತ್ತಿದ್ದರು. ಕಾಳಿನ ಉಸಿರಾಟದಿಂದಲೇ ಒಳಗಿನ ಪ್ರಾಣವಾಯು ಕುಗ್ಗಿ, ಇಂಗಾಲದ ಡೈಆಕ್ಸೈಡು ತುಂಬಿ, ಹುಳುಗಳೇನಾದರೂ ಇದ್ದರೆ ಉಸಿರುಕಟ್ಟಿ ಸಾಯುತ್ತಿದ್ದವು. ಹಗೇವನ್ನು ತೆರೆದೊಡನೆ ಮನುಷ್ಯರು ಇಳಿಯಬಾರದೆಂಬ ಕಟ್ಟುನಿಟ್ಟಿಗೂ ಇದೇ ಕಾರಣ.

ಅಕ್ಕಿಗೂ ಬೇಳೆಗೂ ಈ ಭಾಗ್ಯವಿಲ್ಲ. ಅವುಗಳಿಗೆ ಹೊರಗಿನ ಕಾವಲು ಬೇಕು. ಕಾವಲುಗಾರರಲ್ಲಿ ಮೊದಲಿಗ ಬೇವು. ೧೯೫೯ರಲ್ಲಿ ಸುಡಾನ್ ದೇಶದಲ್ಲಿ ಮಿಡತೆಯ ದಂಡು ಬಂದು ಕಂಡ ಹಸಿರನ್ನೆಲ್ಲ ತಿಂದುಹಾಕಿದಾಗ ಬೇವಿನ ಮರಗಳು ಮಾತ್ರ ಹಾಗೆಯೇ ಉಳಿದದ್ದನ್ನು ಹೈನ್ರಿಕ್ ಶ್ಮುಟ್ಟರರ್ ಎಂಬ ಜರ್ಮನ್ ಕೀಟಶಾಸ್ತ್ರಜ್ಞರು ಕಂಡರು. ೧೯೬೨ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಬೆಳೆಗೆ ಸಿಂಪಡಿಸಿದಾಗ ಮಿಡತೆಗಳು ಆ ಬೆಳೆಯನ್ನು ಮುಟ್ಟಲಿಲ್ಲ. ೧೯೬೫ರಲ್ಲಿ ಜೋತ್ವಾನಿ ಮತ್ತು ಸರ್ಕಾರ್ ಎಂಬವರು ನೂರು ಪಾಲು ಗೋಧಿಗೆ ಒಂದೆರಡು ಪಾಲು ಬೇವಿನ ಬೀಜದ ಪುಡಿಯನ್ನು ಬೆರೆಸಿ, ಹಲವು ತಿಂಗಳವರೆಗೆ ಹುಳುವಿನ ಕಾಟ ತಪ್ಪುವುದನ್ನು ತೋರಿಸಿದರು. ೧೯೬೮ರಲ್ಲಿ ಇಂಗ್ಲೆಂಡಿನ ಬಟರ್‌ವರ್ತ್ ಮತ್ತು ಮಾರ್ಗನ್ ಇದರ ಸಾರವನ್ನು ಬೇರ್ಪಡಿಸಿದರು. ಅದರ ಹೆಸರು ಅಜಾಡಿರಾಕ್ಟಿನ್. ಅದು ಹುಳುವಿಗೆ ಆಹಾರವನ್ನು ಕಹಿಮಾಡುವುದಲ್ಲದೆ, ಮರಿ ಪೊರೆ ಕಳಚಿ ಬೆಳೆಯುವ ಕ್ರಮವನ್ನೇ ಕೆಡಿಸುತ್ತದೆ.

ಇಲ್ಲಿ ನಮ್ಮ ಗೃಹಿಣಿಯರು ತಿಳಿಯತಕ್ಕ ಮಾತೊಂದಿದೆ. ನಾವು ಡಬ್ಬಿಗೆ ಹಾಕುವುದು ಬೇವಿನ ಎಲೆಯನ್ನು, ಬೇವಿನ ಬಲವಿರುವುದು ಬೀಜದ ತಿರುಳಿನಲ್ಲಿ. ಎಲೆ ಅಟ್ಟುತ್ತದೆ, ಆದರೆ ಸೌಮ್ಯವಾಗಿ. ಅದನ್ನು ಹಸಿಯಾಗಿ ಹಾಕಿದರೆ ತೇವವೇರಿ ಅಕ್ಕಿ ಮುಗ್ಗಲು ಹಿಡಿಯುತ್ತದೆ, ಬಿಸಿಲಿನಲ್ಲಿ ಒಣಗಿಸಿದರೆ ಸಾರ ನಾಶವಾಗುತ್ತದೆ. ನೆರಳಿನಲ್ಲಿ ಒಣಗಿಸಿದ ಎಲೆಯೇ ಯೋಗ್ಯ. ಮೂಟೆಯನ್ನು ಕಾಯಬೇಕಾದವರಿಗೆ ಇನ್ನೊಂದು ಉಪಾಯವಿದೆ. ಒಂದು ಕಿಲೋ ಬೀಜದ ತಿರುಳನ್ನು ಜಜ್ಜಿ ಹತ್ತು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಬರಿಯ ಗೋಣಿಚೀಲವನ್ನು ಅದರಲ್ಲಿ ಅರ್ಧ ಗಂಟೆ ಅದ್ದಿ, ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ಆಮೇಲೆ ಧಾನ್ಯ ತುಂಬುವುದು. ಹೀಗೆ ಮಾಡಿದರೆ ಕಹಿ ಚೀಲಕ್ಕೆ ಹತ್ತುತ್ತದೆ, ಅನ್ನಕ್ಕೆ ಹತ್ತುವುದಿಲ್ಲ.

ಲಕ್ಕಿ ಸೊಪ್ಪಿನ ವಾಸನೆಯೂ ಹುಳುವಿಗೆ ಆಗದು, ಹಳ್ಳಿಯ ಕಣಜಗಳಲ್ಲಿ ಅದಕ್ಕೆ ಹಿಂದಿನಿಂದಲೂ ಸ್ಥಾನವಿದೆ. ಎಣ್ಣೆಯ ಕೆಲಸ ಬೇರೆಯ ಬಗೆಯದು. ತೊಗರಿ, ಹೆಸರು, ಅಲಸಂದೆಗಳಿಗೆ ಹರಳೆಣ್ಣೆ ಸವರಿಡುವ ಪದ್ಧತಿಯನ್ನು ನಮ್ಮ ಅಜ್ಜಿಯರೆಲ್ಲ ಬಲ್ಲರು. ಆ ತೆಳು ಲೇಪ ಸಿಪ್ಪೆಯ ಮೇಲಿನ ಮೊಟ್ಟೆಗೆ ಗಾಳಿ ಸಿಗದಂತೆ ಮಾಡುತ್ತದೆ, ದುಂಬಿಗೆ ಮೊಟ್ಟೆ ಅಂಟಿಸುವುದಕ್ಕೂ ಅಡ್ಡಿಯಾಗುತ್ತದೆ. ಮೊಟ್ಟೆಯನ್ನು ಕಾಳಿನ ಹೊರಗಿಡುವ ದುಂಬಿಗೆ ಎಣ್ಣೆ ತಕ್ಕ ಮದ್ದು, ಕಾಳಿನ ಒಳಗಿಡುವ ಮೂತಿಹುಳುವಿಗೆ ಅಷ್ಟಾಗಿ ತಗುಲದು. ಬೇಳೆಕಾಳಿಗೆ ಎಣ್ಣೆ, ಅಕ್ಕಿಗೆ ಸೊಪ್ಪು ಎಂದು ಹಿರಿಯರು ಬೇರೆಬೇರೆಯಾಗಿ ವಿಧಿಸಿದ್ದು ಸುಮ್ಮನೆ ಅಲ್ಲ.

ಇನ್ನು ಕೊಲ್ಲುವ ಬೇರಿನ ವಿಷಯ. ಇದರ ಸಂಶೋಧನೆ ನಡೆದದ್ದು ನಮ್ಮ ಮೈಸೂರಿನಲ್ಲಿಯೇ. ೧೯೫೦ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವನ್ನು ಮೈಸೂರಿಗೆ ಹೋದವರೆಲ್ಲ ಹೊರಗಿನಿಂದಲಾದರೂ ನೋಡಿರುತ್ತೀರಿ. ಅಲ್ಲಿನ ವಿಜ್ಞಾನಿಗಳ ದೃಷ್ಟಿ ಬಿದ್ದದ್ದು ಬೇರಾವುದರ ಮೇಲೂ ಅಲ್ಲ, ಉಪ್ಪಿನಕಾಯಿ ಜಾಡಿಯ ಮಾಕಳಿ ಬೇರಿನ ಮೇಲೆ! ವೆನಿಲ್ಲಾವನ್ನು ನೆನಪಿಗೆ ತರುವ ಘಮವುಳ್ಳ ಈ ಬೇರು ಆಹಾರ ಧಾನ್ಯವನ್ನು ಕೀಟಗಳಿಂದ ರಕ್ಷಿಸುತ್ತದೆಂದು ೧೯೯೯ರಲ್ಲಿ ಅವರು ಪ್ರಕಟಿಸಿದರು. ೨೦೧೦ರಲ್ಲಿ ರಾಜಶೇಖರ್, ಗುಣಶೇಖರನ್, ಶಿವಾನಂದಪ್ಪ ಎಂಬವರು ಬೇರಿನ ಸಾರವನ್ನು ಗೋಧಿಗೂ ಹೆಸರುಕಾಳಿಗೂ ಹಚ್ಚಿ ನೋಡಿದರು. ಮೂತಿಹುಳು, ಕಾಳುದುಂಬಿ ಮೊದಲಾದವು ಸತ್ತವು, ಕಾಳಿನ ಮೊಳಕೆಯ ಶಕ್ತಿ ಮಾತ್ರ ಕುಂದಲಿಲ್ಲ. ೨೦೧೨ರಲ್ಲಿ ಆ ಸಾರದ ಮರ್ಮವೂ ಬಯಲಾಯಿತು. ಸಕ್ಕರೆಯ ಜಾತಿಗೆ ಸೇರಿದ ಎರಡು ವಸ್ತುಗಳು ಬೇರಿನಲ್ಲಿವೆ, ಅವುಗಳಿಗೆ ಡೆಕಲಿಸೈಡ್ ಎಂದು ಹೆಸರಿಟ್ಟರು. ಕೀಟಗಳಿಗೆ ಪಾದದಲ್ಲಿಯೂ ರುಚಿಯ ಇಂದ್ರಿಯಗಳಿವೆಯಷ್ಟೆ. ಸಾರ ಹಚ್ಚಿದ ಕಾಳಿನ ಮೇಲೆ ಹುಳು ನಡೆದರೆ ಸಾಕು, ವಿಷ ಪಾದದಿಂದಲೇ ಏರುತ್ತದೆ. ಅದೇ ವಸ್ತು ಪ್ರಾಣಿಗಳ ಹೊಟ್ಟೆ ಸೇರಿದರೆ ಜೀರ್ಣರಸ ಅದನ್ನು ಮುರಿದುಹಾಕುತ್ತದೆ. ನಾವು ಮಜ್ಜಿಗೆಯನ್ನದೊಡನೆ ನಂಜಿಕೊಂಡು ಸುಖವಾಗಿರುವ ಬೇರು ಹುಳುವಿನ ಪಾಲಿಗೆ ಮೃತ್ಯುವಾದ ಬಗೆ ಇದು. ಹಿತ್ತಲ ಗಿಡ ಮದ್ದಲ್ಲವೆಂದವರು ಉಪ್ಪಿನಕಾಯಿಯ ಜಾಡಿಯನ್ನು ನೋಡಬೇಕಾಗಿತ್ತು.

ಆದರೆ ಈ ಲೇಖನವನ್ನೋದಿ ಯಾರೂ ಮಾಕಳಿ ಬೇರಿಗಾಗಿ ಮಾರುಕಟ್ಟೆಗೆ ಓಡುವುದು ಬೇಡ. ಅದು ಕಲ್ಲುಗುಡ್ಡಗಳಲ್ಲಿ ನಿಧಾನವಾಗಿ ಬೆಳೆಯುವ ಬಳ್ಳಿ. ಬೇರನ್ನು ಅಗೆದರೆ ಬಳ್ಳಿಗೇ ಕುತ್ತು. ಉಪ್ಪಿನಕಾಯಿಗೂ ಷರಬತ್ತಿಗೂ ಔಷಧಿಗೂ ಅಗೆದು ಅಗೆದು ಕಾಡಿನಲ್ಲಿ ಅದರ ಸಂತತಿಯೇ ಅಳಿವಿನಂಚಿಗೆ ಬಂದಿದೆ. ಇಂಥ ಬಳ್ಳಿಯನ್ನು ಹೊಲದಲ್ಲಿ ಬೆಳೆಸದೆ ಕಣಜದ ಕಾವಲಿಗೆ ಕರೆಯುವುದು ನ್ಯಾಯವಲ್ಲ.

ಗಿಡದ್ದೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯುವುದೂ ತಪ್ಪು. ಬಜೆಯ ಉದಾಹರಣೆಯನ್ನು ನೋಡಿ. ಬಜೆಯ ಎಣ್ಣೆಯಲ್ಲಿರುವ ಅಸರೋನ್ ಹೆಣ್ಣು ಕೀಟಗಳನ್ನು ಬಂಜೆಯಾಗಿಸುತ್ತದೆಂದು ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದವರು ೧೯೭೭ರಲ್ಲಿ ತೋರಿಸಿದರು. ಅದೇ ಅಸರೋನ್ ಇಲಿಗಳಲ್ಲಿ ಹುಣ್ಣುಗಡ್ಡೆಗೆ ಕಾರಣವಾಯಿತೆಂದು ಅಮೆರಿಕದಲ್ಲಿ ೧೯೬೮ರಲ್ಲಿಯೇ ಬಜೆಯನ್ನು ಆಹಾರದಲ್ಲಿ ಸೇರಿಸಕೂಡದೆಂದು ನಿಷೇಧಿಸಿದ್ದರು. ಸೀತಾಫಲದ ಬೀಜದ ಪುಡಿ ಹುಳುಗಳನ್ನು ಕೊಲ್ಲುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣನ್ನೂ ಕೆಡಿಸುತ್ತದೆ. ಹೊಂಗೆಯೆಣ್ಣೆ ತಿನ್ನುವ ವಸ್ತುವೇ ಅಲ್ಲ. ಇವೆಲ್ಲ ಬಿತ್ತನೆಯ ಬೀಜಕ್ಕೆ ಒಪ್ಪುವಂಥವು, ಅನ್ನದ ಅಕ್ಕಿಗಲ್ಲ. ಬಿತ್ತುವ ಕಾಳಿನ ಮದ್ದು ಬೇರೆ, ಉಣ್ಣುವ ಕಾಳಿನ ಮದ್ದು ಬೇರೆ ಎಂಬ ವಿವೇಕವನ್ನು ಎಂದಿಗೂ ಮರೆಯಬಾರದು.

ಈ ವಿವೇಕ ತಪ್ಪಿದರೆ ಆಗುವ ಅನಾಹುತ ಸಣ್ಣದಲ್ಲ. ೧೯೫೮ರಲ್ಲಿ ಕೇರಳದಲ್ಲಿ, ಗೋಧಿಯ ಹಿಟ್ಟಿನೊಡನೆ ಒಂದೇ ಹಡಗಿನಲ್ಲಿ ಬಂದ ಫಾಲಿಡಾಲ್ ಎಂಬ ಕೀಟನಾಶಕ ಸೋರಿ ಹಿಟ್ಟಿಗೆ ಬೆರೆತು, ನೂರಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ೧೯೬೮ರಲ್ಲಿ ಬಂದ ಕೀಟನಾಶಕಗಳ ಅಧಿನಿಯಮಕ್ಕೆ ಆ ದುರಂತವೂ ಪ್ರೇರಣೆ. ಇಂದು ದೊಡ್ಡ ಉಗ್ರಾಣಗಳಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವಕ್ಕೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಉಗ್ರಾಣದವರೂ ತರಬೇತಿ ಪಡೆದವರೂ ಮಾತ್ರ ಅದನ್ನು ಮುಟ್ಟತಕ್ಕದ್ದೆಂದು ನಿಯಮವಿದೆ. ಅಂಥ ಮಾತ್ರೆಯನ್ನು ಹೇಗೋ ಸಂಪಾದಿಸಿ, ಮಲಗುವ ಕೋಣೆಯ ಮೂಟೆಯಲ್ಲಿ ಹುದುಗಿಸಿ, ನಿದ್ರೆಯಲ್ಲಿಯೇ ಮಕ್ಕಳನ್ನು ಕಳೆದುಕೊಂಡ ಸಂಸಾರಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದಾಗ ಎದೆ ನಡುಗುತ್ತದೆ. ಒಂದು ಮೂಟೆ ಅಕ್ಕಿಯ ಬೆಲೆ ಎಷ್ಟು, ಒಂದು ಮಗುವಿನ ಬೆಲೆ ಎಷ್ಟು? ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ಇನ್ನೊಂದು ಅಭ್ಯಾಸ ಅಕ್ಕಿಗೆ ಬೋರಿಕ್ ಪುಡಿ ಕಲಸುವುದು. ತೊಳೆದರೆ ಹೋಗುತ್ತದೆಂಬುದು ಸಮಾಧಾನ. ಅದು ಆಹಾರದಲ್ಲಿ ಸೇರತಕ್ಕ ವಸ್ತುವಲ್ಲ, ಅರ್ಧಂಬರ್ಧ ತೊಳೆದ ಅಕ್ಕಿಯನ್ನುಣ್ಣುವುದು ಹೆಚ್ಚಾಗಿ ಮನೆಯ ಮಕ್ಕಳೇ.

ಹಾಗಾದರೆ ಮಾಡಬೇಕಾದದ್ದೇನು? ಗೌಡರು ಹೇಳಿದ ಕ್ರಮವೇ ಸರಿಯಾದ ಕ್ರಮ. ಮೊದಲು ಶುಚಿ ಮತ್ತು ಒಣಗು, ಆಮೇಲೆ ಎಲೆ. ಹಳೆಯ ಅಕ್ಕಿ ಡಬ್ಬಿಯ ತಳದಲ್ಲಿರುವಾಗ ಹೊಸ ಅಕ್ಕಿಯನ್ನು ಅದರ ಮೇಲೆ ಸುರಿಯಬಾರದು. ಡಬ್ಬಿಯನ್ನು ಬರಿದುಮಾಡಿ, ಮೂಲೆಯ ಹಿಟ್ಟನ್ನೂ ಕೊಡವಿ, ತೊಳೆದು ಒಣಗಿಸಬೇಕು. ಬೇಳೆಕಾಳುಗಳನ್ನು ಬೇಸಗೆಯ ಬಿಸಿಲಿನಲ್ಲಿ ಕಪ್ಪು ಬಟ್ಟೆಯ ಮೇಲೆ ತೆಳುವಾಗಿ ಹರಡಬೇಕು. ಕಾಳು ಐವತ್ತೈದು ಅರವತ್ತು ಡಿಗ್ರಿ ಸೆಲ್ಸಿಯಸಿನವರೆಗೆ ಕಾದರೆ ಒಳಗಿನ ಮರಿಯೂ ಉಳಿಯದು. ಆರಿದ ಮೇಲೆ ಕಿಲೋಗೆ ಒಂದು ಟೀ ಚಮಚದಷ್ಟು ಹರಳೆಣ್ಣೆಯನ್ನು ಅಂಗೈಯಿಂದ ಸವರಿ ಬಿಗಿಯಾದ ಡಬ್ಬಿಗೆ ತುಂಬಬಹುದು. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬಾರದು, ಬಿರುಕುಬಿಟ್ಟು ನುಚ್ಚಾಗುತ್ತದೆ. ನೆರಳಿನಲ್ಲಿ ಹರಡಿ, ಜರಡಿಯಾಡಿ, ನೆರಳಿನಲ್ಲೊಣಗಿದ ಬೇವಿನೆಲೆಯನ್ನು ತೆಳುಬಟ್ಟೆಯ ಗಂಟುಗಳಲ್ಲಿ ಕಟ್ಟಿ, ತಳದಲ್ಲೊಂದು, ನಡುವೆ ಒಂದು, ಮೇಲೊಂದು ಇಡಬೇಕು. ಎರಡು ಮೂರು ತಿಂಗಳಿಗೊಮ್ಮೆ ಎಲೆಯನ್ನು ಬದಲಾಯಿಸಬೇಕು. ಬಿಸಿಲು ಕಾಣದ ಮನೆಯವರಿಗೆ ತಂಗಳುಪೆಟ್ಟಿಗೆಯೇ ಬಿಸಿಲು. ಅಕ್ಕಿ, ರವೆಗಳ ಸಣ್ಣ ಪೊಟ್ಟಣಗಳನ್ನು ಅದರ ಹಿಮದ ಗೂಡಿನಲ್ಲಿ ಒಂದು ವಾರವಿಟ್ಟು ತೆಗೆದರೆ ಮೊಟ್ಟೆಮರಿಗಳೆಲ್ಲ ಸಾಯುತ್ತವೆ. ತೆಗೆದ ಮೇಲೆ ಪೊಟ್ಟಣದ ತಣುಪು ಪೂರ್ತಿ ಇಳಿದ ಹೊರತು ಬಿಚ್ಚಬಾರದು, ಬಿಚ್ಚಿದರೆ ತೇವ ಸೇರುತ್ತದೆ.

ಫೋನಿನಲ್ಲಿ ಒತ್ತಿದರೆ ಕ್ಷಣಾರ್ಧದಲ್ಲಿ ಬೇಳೆ ಬಾಗಿಲಿಗೆ ಬರುವ ಈ ಕಾಲದಲ್ಲಿ ಇಷ್ಟು ಶ್ರಮವೇಕೆಂದು ಕೆಲವರು ಕೇಳಬಹುದು. ಬಾಗಿಲಿಗೆ ಬರುವ ಬೇಳೆಯೂ ಎಲ್ಲಿಯೋ ಒಂದು ಉಗ್ರಾಣದಲ್ಲಿ ತಿಂಗಳುಗಟ್ಟಲೆ ಕಾದುಕುಳಿತಿದ್ದ ಬೇಳೆಯೇ. ಹುಳು ಅಲ್ಲಿಯೂ ಉಂಟು, ಅಲ್ಲಿನ ಮದ್ದು ಬೇವಿನೆಲೆಯಲ್ಲ. ಮನೆಯಲ್ಲಿ ಮಾಡಬಹುದಾದಷ್ಟನ್ನು ಮನೆಯಲ್ಲಿ ಮಾಡಿದರೆ ಅಷ್ಟರಮಟ್ಟಿಗೆ ವಿಷ ದೂರ. ಬೇವಿನ ಮರ ನಮ್ಮ ರಸ್ತೆಯ ಬದಿಯಲ್ಲಿ ಇನ್ನೂ ಇದೆ, ಕೇಳಿದರೆ ಹೇಳುವ ಹಿರಿಯರೂ ಇನ್ನೂ ಇದ್ದಾರೆ. ಯಾವ ಕಾಳಿಗೆ ಯಾವ ಸೊಪ್ಪು, ಎಷ್ಟು, ಯಾವ ತಿಂಗಳಲ್ಲಿ ಎಂದು ಅವರನ್ನು ಕೇಳಿ ಅಡುಗೆಮನೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮಳೆ ಹಿಡಿಯುವುದಕ್ಕೆ ಮೊದಲು, ಬಿಸಿಲಿರುವಾಗಲೇ, ಡಬ್ಬಿಯ ತಳವನ್ನೊಮ್ಮೆ ನೋಡಿಬಿಡಿ.